ಹೆಣ ಸಿಕ್ಕ ಊರು, ಹೆಜ್ಜೆ ಹೋದ ದಾರಿ

ಮಾರಿಕಣಿವೆ ಜಲಾಶಯದ ನೀರು ಎರಡು ತಾಲ್ಲೂಕುಗಳಲ್ಲಿ ನಿಲ್ಲುತ್ತದೆ. ವೇದಾವತಿ ನದಿಗೆ ಅಡ್ಡ ಕಟ್ಟಿದ ಕಟ್ಟೆ ಇರುವುದು ಹಿರಿಯೂರು ತಾಲ್ಲೂಕಿನಲ್ಲಿ, ಹಿನ್ನೀರು ಹರಡಿಕೊಳ್ಳುವುದು ಹೊಸದುರ್ಗದ ಹೊಲ, ತೋಟಗಳ ಅಂಚಿನವರೆಗೆ. 1898ರಲ್ಲಿ ಮೈಸೂರು ಸಂಸ್ಥಾನ ಕೆಲಸ ಶುರುಮಾಡಿ 1907ರಲ್ಲಿ ಮುಗಿಸಿದಾಗ ಹಳ್ಳಿಗಳ ಜೊತೆಗೆ ಹಳ್ಳಿಗಳ ಎಲ್ಲೆಕಲ್ಲುಗಳೂ ಮುಳುಗಿದವು. ನಕ್ಷೆಯ ಮೇಲೆ ಮಾತ್ರ ಆ ಗೆರೆಗಳು ಇಂದಿಗೂ ಉಳಿದಿವೆ. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಜಲಾಶಯ ಕೋಡಿ ಬಿದ್ದಾಗ ಹಿರಿಯೂರಿನವರು ಬಾಗಿನ ಅರ್ಪಿಸಿ ಸಂಭ್ರಮಿಸಿದರು. ಹಿನ್ನೀರಿನ ಹೊಸದುರ್ಗದವರು ಮುಳುಗಿದ ತೋಟಗಳನ್ನು ನೋಡಿ ಕಂಗಾಲಾದರು. ನೀರು ಒಂದೇ ಆದರೂ ಅದರ ಲೆಕ್ಕ ಎರಡು ಕಡೆ ಬರೆಯಬೇಕು.

ಇಂಥ ನೀರಿನಲ್ಲಿ ಗುರುತು ಸಿಗದ ಹೆಣವೊಂದು ತೇಲಿಬಂದರೆ ಮೊದಲು ಏಳುವ ಪ್ರಶ್ನೆ ಸತ್ತವರು ಯಾರು ಎನ್ನುವುದಲ್ಲ. ಇದು ಯಾವ ಠಾಣೆಗೆ ಸೇರಿದ್ದು ಎನ್ನುವುದು. ಬಿದ್ದದ್ದು ಹೊಸದುರ್ಗದ ಕಡೆ, ದಡ ಸೇರಿದ್ದು ಹಿರಿಯೂರಿನ ಕಡೆ ಎಂದಾದರೆ ಮಹಜರು ಬರೆಯುವವರು ದಡದ ಠಾಣೆಯವರೇ. ಸಾಮಾನ್ಯವಾಗಿ ಮೊದಲು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ ದಾಖಲಾಗುತ್ತದೆ, ಪಂಚರು ಬರುತ್ತಾರೆ, ಶವ ಆಸ್ಪತ್ರೆಗೆ ಹೋಗುತ್ತದೆ. ವೈದ್ಯರು ಕುತ್ತಿಗೆಯ ಗುರುತು ತೋರಿಸಿದ ಮೇಲೆ ಅದು ಕೊಲೆ ಪ್ರಕರಣವಾಗುತ್ತದೆ. ಅಷ್ಟು ಹೊತ್ತಿಗೆ ಸತ್ತವನ ಮನೆಯವರು ಇನ್ನಾವುದೋ ಜಿಲ್ಲೆಯ ಠಾಣೆಯಲ್ಲಿ ಕಾಣೆಯಾದ ದೂರು ಕೊಟ್ಟು ಕುಳಿತಿರಬಹುದು. ಒಂದು ಠಾಣೆಯಲ್ಲಿ ಹೆಸರಿಲ್ಲದ ಹೆಣ, ಇನ್ನೊಂದರಲ್ಲಿ ಹೆಣವಿಲ್ಲದ ಹೆಸರು. ಈ ಎರಡು ಕಡತಗಳು ಒಂದನ್ನೊಂದು ಕಾಣದೆ ಹೋದರೆ ಕೊನೆಗೆ ಸಲ್ಲಿಕೆಯಾಗುವುದು ಸಿ ರಿಪೋರ್ಟ್, ಅಂದರೆ ಪತ್ತೆಯಾಗದ ಪ್ರಕರಣ.

ಹೆಣ ಸಿಕ್ಕ ಜಾಗದ ಪೊಲೀಸರೇ ತನಿಖೆಯ ಮುಂದಾಳುಗಳಾಗಬೇಕು ಎನ್ನುವ ರೂಢಿ ಇಂದು ಸ್ವಾಭಾವಿಕವೆಂದು ತೋರುತ್ತದೆ. ಆದರೆ ಕನ್ನಡ ನಾಡಿನಲ್ಲಿ ಇದಕ್ಕಿಂತ ಹಳೆಯ ಬೇರೊಂದು ಕ್ರಮವಿತ್ತು. ಆ ಕ್ರಮ ಹೆಣದ ಜಾಗಕ್ಕಿಂತ ಹೆಜ್ಜೆಯ ದಾರಿಗೆ ಹೆಚ್ಚು ಬೆಲೆ ಕೊಟ್ಟಿತ್ತು.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಬರೆದ ಮಿತಾಕ್ಷರಾ ಆಸ್ತಿ ಹಂಚಿಕೆಯ ಗ್ರಂಥವೆಂದೇ ಹೆಸರಾಗಿದೆ. ಆತ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಕೊಲೆ, ಕಳವಿನ ಹೊಣೆ ಯಾರದೆಂದು ಹೇಳುವ ಭಾಗವೂ ಇದೆ. ಅದರ ತಾತ್ಪರ್ಯ ಹೀಗೆ: ಊರಿನೊಳಗೆ ಕೊಲೆಯೋ ಕಳವೋ ಆಗಿ, ಕಳ್ಳನ ಹೆಜ್ಜೆ ಊರಾಚೆ ಹೋದದ್ದು ಕಾಣದಿದ್ದರೆ ದೋಷ ಊರಿನ ಒಡೆಯನದು. ಗೋಮಾಳದಲ್ಲಾದರೆ ಗೋಮಾಳ ನೋಡಿಕೊಳ್ಳುವವನದು. ದಾರಿಯಲ್ಲಾದರೆ ಕಳ್ಳರನ್ನು ಹಿಡಿಯಲೆಂದೇ ನೇಮಕವಾದ ಅಧಿಕಾರಿಯದು. ತನ್ನ ಎಲ್ಲೆಯೊಳಗಾದರೆ ಆ ಊರು, ಹೆಜ್ಜೆ ಇನ್ನೊಂದು ಊರಿಗೆ ಹೋಗಿದ್ದರೆ ಆ ಇನ್ನೊಂದು ಊರು ನಷ್ಟ ತುಂಬಿಕೊಡಬೇಕು. ಊರಿಂದ ಒಂದು ಕ್ರೋಶದಾಚೆ ನಡೆದದ್ದಾದರೆ ಸುತ್ತಲಿನ ಐದು ಊರುಗಳೋ ಹತ್ತು ಊರುಗಳೋ ಕೂಡಿ ಹೊರಬೇಕು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಇಂಥದೇ ಏರ್ಪಾಟಿದೆ.

ಈ ನಿಯಮದ ಜಾಣ್ಮೆಯನ್ನು ನಿಂತು ನೋಡಬೇಕು. ಹೆಜ್ಜೆ ತನ್ನ ಗಡಿ ದಾಟಿ ಹೋಯಿತೆಂದು ತೋರಿಸಿಕೊಟ್ಟ ಊರು ಹೊಣೆಯಿಂದ ಬಿಡುಗಡೆ ಪಡೆಯುತ್ತಿತ್ತು. ಹಾಗಾಗಿ ಗಡಿಯವರೆಗೆ ಜಾಡು ಹಿಡಿದು ಹೋಗಲು ಆ ಊರಿಗೆ ಕಾರಣವಿತ್ತು, ಅಲ್ಲಿಂದ ಮುಂದೆ ಹಿಡಿಯಲು ಪಕ್ಕದ ಊರಿಗೂ ಅಷ್ಟೇ ಬಲವಾದ ಕಾರಣವಿತ್ತು. ಜಾಡು ಎಲ್ಲಿ ಆರಿತೋ ಅಲ್ಲಿನವರು ಬೆಲೆ ತೆರುತ್ತಿದ್ದರು. ಇದರಲ್ಲಿ ಅನ್ಯಾಯವೂ ಇತ್ತು ನಿಜ. ಏನೂ ಅರಿಯದ ರೈತ ಯಾರದೋ ಕೊಲೆಗೆ ದಂಡ ಕಟ್ಟಬೇಕಾಗುತ್ತಿತ್ತು. ಆದರೂ ಜಾಡು ಕೈಬಿಡದಂತೆ ನೋಡಿಕೊಳ್ಳುವ ಕೆಲಸ ಯಾರಿಗೂ ಸೇರದೆ ನಡುವೆ ಬಿದ್ದುಹೋಗುತ್ತಿರಲಿಲ್ಲ.

ಊರಮಟ್ಟದಲ್ಲಿ ಈ ಕೆಲಸ ತಳವಾರನದು. ಬಾರಾ ಬಲೂತಿಯ ಆಯಗಾರರಲ್ಲಿ ತಳವಾರ, ತೋಟಿ ಇಬ್ಬರಿಗೂ ಕಾವಲಿನ ಹೊಣೆಯಿತ್ತು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ಬಗ್ಗೆ ಬ್ರಿಟಿಷ್ ಸಂಸತ್ತಿನ ಸಮಿತಿ 1812ರಲ್ಲಿ ಕೊಟ್ಟ ಐದನೆಯ ವರದಿ ದಕ್ಷಿಣದ ಹಳ್ಳಿಯ ಚಿತ್ರ ಬಿಡಿಸುವಾಗ ಇಬ್ಬರ ವ್ಯತ್ಯಾಸವನ್ನೂ ಗುರುತಿಸಿದೆ. ತೋಟಿಯ ಕೆಲಸ ಬಹುಮಟ್ಟಿಗೆ ಊರೊಳಗಿನದು, ಬೆಳೆ ಕಾಯುವುದು ಅಳೆಯುವುದು ಇತ್ಯಾದಿ. ತಳವಾರನ ಕೆಲಸದ ಹರವು ದೊಡ್ಡದು: ಅಪರಾಧಗಳ ಸುಳಿವು ಹಿಡಿಯುವುದು, ದಾರಿಹೋಕರನ್ನು ಒಂದೂರಿಂದ ಇನ್ನೊಂದೂರಿಗೆ ಕಾಪಾಡಿ ಕರೆದೊಯ್ಯುವುದು. ಒಬ್ಬ ತಳವಾರನ ಕೈಯಿಂದ ಇನ್ನೊಬ್ಬ ತಳವಾರನ ಕೈಗೆ ಪ್ರಯಾಣಿಕನನ್ನು ಒಪ್ಪಿಸುವ ಜಾಗ ಊರಿನ ಎಲ್ಲೆ. ಯಾರ ಕೈಯಲ್ಲಿದ್ದಾಗ ಆತ ಕಾಣೆಯಾದನೆಂದು ಹೇಳಲು ಕಷ್ಟವಿರಲಿಲ್ಲ.

ಈ ವ್ಯವಸ್ಥೆಯನ್ನು ಸೋಲಿಸಿದವರು ಹೆಜ್ಜೆಯನ್ನೇ ಉಳಿಸದ ಕೊಲೆಗಾರರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ಕಾಲದಲ್ಲೇ ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಮಂದಿ ಫಾನ್ಸಿಗಾರರನ್ನು ಹಿಡಿದರು, ಯುರೋಪಿಯನ್ನರಿಗೆ ಇವರ ವಿಷಯ ತಿಳಿದದ್ದೇ ಆಗ ಎಂದು ಮದರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 1816ರ ಲೇಖನದಲ್ಲಿ ಬರೆದಿದ್ದಾನೆ. ಕನ್ನಡದವರು ಅವರನ್ನು ತಂತಿ ಕಳ್ಳರು ಎಂದು ಕರೆಯುತ್ತಿದ್ದರೆಂದೂ ದಾಖಲಿಸಿದ್ದಾನೆ. ಪ್ರಯಾಣಿಕರ ಜೊತೆ ಪ್ರಯಾಣಿಕರಂತೆ ಸೇರಿ, ದಾರಿಯಲ್ಲಿ ಕುತ್ತಿಗೆಗೆ ಉರುಳು ಬಿಗಿದು, ಹೆಣ ಹೂತು ಮುಂದಿನ ಊರಿಗೆ ನಡೆದುಬಿಡುವುದು ಅವರ ಪದ್ಧತಿ ಎಂದು ಆತನ ವಿವರಣೆ. ಸತ್ತವನು ಎಲ್ಲಿಂದಲೋ ಹೊರಟವನು, ಎಲ್ಲಿಗೋ ಹೋಗಬೇಕಾದವನು. ತಲುಪಲಿಲ್ಲವೆಂದು ತಿಳಿಯುವುದಕ್ಕೇ ತಿಂಗಳುಗಳು ಹಿಡಿಯುತ್ತಿದ್ದವು. ಹೆಣವಿಲ್ಲದ ಮೇಲೆ ಯಾವ ಊರಿನ ಗೌಡನನ್ನು ಕೇಳುವುದು?

ಈ ಕಥೆಗಳಲ್ಲಿ ಬ್ರಿಟಿಷ್ ಅಧಿಕಾರಿಗಳ ಉತ್ಪ್ರೇಕ್ಷೆ ಎಷ್ಟು, ಮಾಫಿ ಸಾಕ್ಷಿಗಳ ಕಟ್ಟುಕಥೆ ಎಷ್ಟು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇನ್ನೂ ಚರ್ಚೆ ಇದೆ, ಇರಬೇಕಾದದ್ದೇ. ಆದರೆ ಅವರನ್ನು ಹತ್ತಿಕ್ಕಲು ಬಂದ ಕಾನೂನು ಮಾತ್ರ ಸುಳ್ಳಲ್ಲ. ಅದು ಸರಹದ್ದಿನ ಕಲ್ಪನೆಯನ್ನೇ ಅಲುಗಿಸಿತು. 1836ರ 30ನೆಯ ಕಾಯ್ದೆಯ ಪ್ರಕಾರ ಥಗ್ಗರ, ಅಂದರೆ ಇಂಥ ಫಾನ್ಸಿಗಾರರ ಗುಂಪಿಗೆ ಸೇರಿದವನೆಂದು ಸಾಬೀತಾದರೆ ಸಾಕು, ಗುಂಪು ಕಂಪನಿಯ ಸೀಮೆಯಲ್ಲಿತ್ತೋ ಆಚೆಯ ಸಂಸ್ಥಾನದಲ್ಲಿತ್ತೋ ಎಂಬುದು ಮುಖ್ಯವಲ್ಲ, ಜೀವಾವಧಿ ಶಿಕ್ಷೆ. ಕೃತ್ಯ ನಡೆದದ್ದು ಯಾವ ಜಿಲ್ಲೆಯಲ್ಲಾದರೂ ಇನ್ನೊಂದು ಜಿಲ್ಲೆಯ ನ್ಯಾಯಾಲಯ ವಿಚಾರಣೆ ನಡೆಸಬಹುದು. ನಾಗರಿಕ ಹಕ್ಕುಗಳ ದೃಷ್ಟಿಯಿಂದ ಇದು ಕಠೋರವಾದ ಕಾಯ್ದೆ. ಇಂತಿಂಥ ಕೊಲೆ ಮಾಡಿದನೆಂದು ತೋರಿಸದೆಯೇ ಮನುಷ್ಯನನ್ನು ಜೀವಮಾನವಿಡೀ ಸೆರೆಯಲ್ಲಿಡಲು ಅದು ದಾರಿ ಮಾಡಿತು. ಅದೇ ಕಾಯ್ದೆ, ಕೊಲೆಯ ಜಾಗವೇ ಎಲ್ಲವನ್ನೂ ನಿರ್ಧರಿಸಬೇಕಿಲ್ಲ ಎಂಬ ವಿಚಾರವನ್ನೂ ಭಾರತದ ದಂಡಪ್ರಕ್ರಿಯೆಯೊಳಗೆ ತಂದಿತು. ಥಗ್ಗ ಮಾಡಿದ ಕೊಲೆಯನ್ನು ಆತ ಸಿಕ್ಕ ಜಾಗದಲ್ಲೂ ವಿಚಾರಿಸಬಹುದೆಂಬ ಮಾತು 1973ರ ದಂಡ ಪ್ರಕ್ರಿಯಾ ಸಂಹಿತೆಯ 181ನೆಯ ಕಲಮಿನಲ್ಲೂ ಇತ್ತು. 2024ರ ಜುಲೈ 1ರಂದು ಹೊಸ ಸಂಹಿತೆಗಳು ಜಾರಿಗೆ ಬಂದಾಗಲಷ್ಟೇ ಆ ಪದ ಕಾನೂನು ಪುಸ್ತಕದಿಂದ ಬಿಟ್ಟುಹೋಯಿತು.

ಹಿರಿಯೂರು, ಹೊಸದುರ್ಗಗಳಿರುವ ಚಿತ್ರದುರ್ಗದ ಸೀಮೆಗೆ ಸರಹದ್ದಿನ ತೊಡಕು ಹೊಸದೇನಲ್ಲ. 1831ರಲ್ಲಿ ಮೈಸೂರು ಬ್ರಿಟಿಷ್ ಕಮಿಷನರುಗಳ ಕೈಗೆ ಹೋದಾಗ ಇದು ರಾಜ್ಯದ ನಾಲ್ಕು ವಿಭಾಗಗಳಲ್ಲಿ ಒಂದಕ್ಕೆ ಹೆಸರು ಕೊಟ್ಟಿತ್ತು. 1882ರಲ್ಲಿ ಜಿಲ್ಲೆಯೇ ರದ್ದಾಗಿ ತುಮಕೂರಿನ ಕೆಳಗಿನ ಉಪವಿಭಾಗವಾಯಿತು, 1886ರಲ್ಲಿ ಮತ್ತೆ ಜಿಲ್ಲೆಯಾಯಿತು. ಇದೆಲ್ಲಕ್ಕಿಂತ ದೊಡ್ಡ ತೊಡಕು ಹೊರಗಿನ ಗಡಿಯದು. ಮೊಳಕಾಲ್ಮೂರಿನ ಆಚೆಯ ರಾಯದುರ್ಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ, ಹಿರಿಯೂರಿನ ಧರ್ಮಪುರದ ಆಚೆಯ ಮಡಕಶಿರಾ ಅದೇ ಪ್ರಾಂತದ ಅನಂತಪುರ ಜಿಲ್ಲೆ. ಕೊಲೆ ಮಾಡಿ ಒಂದು ರಾತ್ರಿ ನಡೆದವನು ಬೆಳಗಾಗುವಷ್ಟರಲ್ಲಿ ಮಹಾರಾಜರ ರಾಜ್ಯ ದಾಟಿ ಬ್ರಿಟಿಷರ ಸೀಮೆಯಲ್ಲಿರುತ್ತಿದ್ದ. ಬೆನ್ನಟ್ಟಿ ಹೋದ ಜಮಾದಾರ ಗಡಿಯಲ್ಲಿ ನಿಲ್ಲಬೇಕು. ಅಮಲ್ದಾರರಿಂದ ಮೇಲಕ್ಕೆ, ದರ್ಬಾರಿನಿಂದ ರೆಸಿಡೆಂಟರಿಗೆ, ಅಲ್ಲಿಂದ ಆಚೆಯ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಕಾಗದ ನಡೆದು ವಾರಂಟ್ ಬರಬೇಕು. ರಾಯದುರ್ಗ ಆಂಧ್ರಕ್ಕೆ, ಬಳ್ಳಾರಿಯ ಉಳಿದ ಬಹುಭಾಗ ಮೈಸೂರಿಗೆ ಹಂಚಿಕೆಯಾದದ್ದು 1953ರ ಅಕ್ಟೋಬರ್ 1ರಂದು. ಆಗ ಸಂಸ್ಥಾನದ ಗಡಿ ರಾಜ್ಯದ ಗಡಿಯಾಯಿತಷ್ಟೆ.

ಹೊಳಲ್ಕೆರೆಯಲ್ಲಿ ಇನ್ನೂ ಸೂಕ್ಷ್ಮವಾದ ಗಡಿಯೊಂದು ಊರುಗಳ ನಡುವೆಯೇ ಹಾದುಹೋಗಿತ್ತು: ರೈಲು ಹಳಿ. ಬೆಂಗಳೂರಿನಿಂದ ಹೊರಟ ದಾರಿ ಬೀರೂರು, ಹೊಸದುರ್ಗ ರೋಡ್, ಹೊಳಲ್ಕೆರೆ, ಚಿಕ್ಕಜಾಜೂರಿನ ಮೇಲೆ 1889ರಲ್ಲಿ ಹರಿಹರ ಮುಟ್ಟಿತು. ಸಂಸ್ಥಾನಗಳೊಳಗೆ ಹಾದುಹೋಗುವ ರೈಲ್ವೆ ಜಮೀನಿನ ಮೇಲಿನ ಅಧಿಕಾರವನ್ನು ಬ್ರಿಟಿಷ್ ಸರ್ಕಾರ ಬಿಟ್ಟುಕೊಡುವಂತೆ ಕೇಳಿ ಪಡೆಯುತ್ತಿದ್ದ ಕಾಲವದು. ಹಳಿಯ ಮೇಲೆ ಬಿದ್ದ ಹೆಣ ಒಂದು ಪೊಲೀಸರಿಗೆ, ಹಳಿಯ ಪಕ್ಕದ ಹೊಲದಲ್ಲಿ ಬಿದ್ದದ್ದು ಇನ್ನೊಂದು ಪೊಲೀಸರಿಗೆ. ಈ ಅಧಿಕಾರ ಎಲ್ಲಿಯವರೆಗೆ ಎಂಬ ಪ್ರಶ್ನೆ 1897ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು. ನಿಜಾಮರ ರಾಜ್ಯದ ರೈಲು ನಿಲ್ದಾಣದಲ್ಲಿ, ಶಿಮ್ಲಾದ ಮ್ಯಾಜಿಸ್ಟ್ರೇಟರ ವಾರಂಟ್ ಹಿಡಿದು ಹೈದರಾಬಾದಿನ ಪ್ರಜೆಯೊಬ್ಬರನ್ನು ಬಂಧಿಸಲಾಗಿತ್ತು. ರೈಲ್ವೆಗೆಂದು ಬಿಟ್ಟುಕೊಟ್ಟ ಅಧಿಕಾರ ರೈಲ್ವೆಗೆ ಸಂಬಂಧಿಸಿದ ಅಪರಾಧಗಳಿಗೆ ಮಾತ್ರ ಸಲ್ಲುತ್ತದೆ, ಈ ಬಂಧನ ಕಾನೂನುಬಾಹಿರ ಎಂದು ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ಸಂಸ್ಥಾನಗಳ ಮಾನ ಉಳಿಸಿದ ತೀರ್ಪು ಅದು. ಹಳಿ ಮತ್ತು ಹೊಲದ ನಡುವಿನ ಗೆರೆ ಇಂದಿಗೂ ಹೋಗಿಲ್ಲ. ಹಳಿಯ ಮೇಲೆ ಸಿಕ್ಕ ಶವದ ಹೊಣೆ ಈಗಲೂ ರೈಲ್ವೆ ಪೊಲೀಸರದು.

1956ರಲ್ಲಿ ಮೈಸೂರು, ಬೊಂಬಾಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಕಡೆಯ ಪೊಲೀಸ್ ಪದ್ಧತಿಗಳು ಒಂದು ರಾಜ್ಯದೊಳಗೆ ಬಂದವು. ಗ್ರಾಮ ಕಚೇರಿಗಳನ್ನು ರದ್ದು ಮಾಡುವ 1961ರ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಯಾಗಿ ತಳವಾರಿಕೆ, ತೋಟಿಗಾರಿಕೆಗಳು ವಂಶಪಾರಂಪರ್ಯದ ಹುದ್ದೆಗಳಾಗಿ ಉಳಿಯಲಿಲ್ಲ. ಹುಟ್ಟಿನಿಂದ ಅಂಟಿದ ಬಿಟ್ಟಿ ಚಾಕರಿಯಿಂದ ಎಷ್ಟೋ ಕುಟುಂಬಗಳಿಗೆ ಬಿಡುಗಡೆ ಸಿಕ್ಕಿತು. ಆಗಲೇಬೇಕಾಗಿದ್ದ ಕೆಲಸ. ಆದರೆ ಎಲ್ಲೆಯಲ್ಲಿ ನಿಂತು ಜಾಡನ್ನು ಪಕ್ಕದವನ ಕೈಗೆ ಒಪ್ಪಿಸುವ ಕೆಲಸವನ್ನು ಯಾರಿಗೆ ವಹಿಸಬೇಕೆಂದು ಯಾರೂ ಯೋಚಿಸಿದಂತೆ ಕಾಣುವುದಿಲ್ಲ.

ಕಾನೂನು ಪುಸ್ತಕ ಅಷ್ಟೇನೂ ಕಟ್ಟುನಿಟ್ಟಿನದಲ್ಲ ಎಂಬುದೇ ಇಲ್ಲಿಯ ಸೋಜಿಗ. ಅಪರಾಧ ನಡೆದ ಸ್ಥಳದಲ್ಲೇ ವಿಚಾರಣೆ ಎಂಬ ಸಾಮಾನ್ಯ ನಿಯಮದ ಬೆನ್ನಿಗೇ ಒಂದರ ಮೇಲೊಂದು ವಿನಾಯಿತಿಗಳಿವೆ. ಎಲ್ಲಿ ನಡೆಯಿತೆಂದು ಖಚಿತವಿಲ್ಲದಿದ್ದರೆ, ಸ್ವಲ್ಪ ಅಲ್ಲಿ ಸ್ವಲ್ಪ ಇಲ್ಲಿ ನಡೆದಿದ್ದರೆ, ಪ್ರಯಾಣದ ನಡುವೆ ನಡೆದಿದ್ದರೆ ಆ ಜಾಗಗಳಲ್ಲಿ ಯಾವುದಾದರೂ ಆದೀತು. ಅಪಹರಣವಾದರೆ ಎತ್ತಿಕೊಂಡು ಹೋದ ಊರು, ಸಾಗಿಸಿದ ಊರು, ಕೂಡಿಹಾಕಿದ ಊರು ಎಲ್ಲಕ್ಕೂ ಅಧಿಕಾರವಿದೆ. ತನಿಖೆ ಮಾಡಿದ ಅಧಿಕಾರಿಗೆ ಆ ಸರಹದ್ದು ಸೇರಿರಲಿಲ್ಲ ಎಂಬ ಒಂದೇ ಕಾರಣಕ್ಕೆ ತನಿಖೆಯನ್ನು ಪ್ರಶ್ನಿಸುವಂತಿಲ್ಲ. ಸತ್ವಿಂದರ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಇದನ್ನೇ ಎತ್ತಿಹಿಡಿಯಿತು. ಸರಹದ್ದಿನ ನೆಪದಲ್ಲಿ ದೂರು ತಿರಸ್ಕರಿಸಬಾರದೆಂಬ ಜೀರೋ ಎಫ್‌ಐಆರ್ ಪದ್ಧತಿಗೆ 2013ರಲ್ಲಿ, ದೆಹಲಿಯ ನಿರ್ಭಯಾ ಪ್ರಕರಣದ ನಂತರ, ಒತ್ತು ಸಿಕ್ಕಿತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಅದನ್ನು ಕಾನೂನಿನ ಮಾತನ್ನಾಗಿಯೇ ಮಾಡಿದೆ.

ಚಿತ್ರದುರ್ಗದ ಯುವಕನೊಬ್ಬನ ಕೊಲೆಯಲ್ಲಿ ಈ ವಿನಾಯಿತಿಗಳೆಲ್ಲ ಒಟ್ಟಿಗೆ ಎದುರಾದವು. 2024ರ ಜೂನ್ 8ರಂದು ಆತನನ್ನು ಚಿತ್ರದುರ್ಗದಿಂದ ಬೆಂಗಳೂರಿಗೆ ಕರೆದೊಯ್ದು, ಪಟ್ಟಣಗೆರೆಯ ಶೆಡ್ಡೊಂದರಲ್ಲಿ ಹಿಂಸಿಸಿ ಕೊಂದರೆಂಬುದು ಪೊಲೀಸರ ಆರೋಪ. ಮರುದಿನ ಶವ ಸಿಕ್ಕಿದ್ದು ಕಾಮಾಕ್ಷಿಪಾಳ್ಯ ಠಾಣೆಯ ವ್ಯಾಪ್ತಿಯ ರಾಜಕಾಲುವೆಯಲ್ಲಿ. ಹೊರಟ ಊರು ಒಂದು, ಸತ್ತ ಜಾಗ ಇನ್ನೊಂದು, ಶವದ ಜಾಗ ಮತ್ತೊಂದು. ಮೂರಕ್ಕೂ ತನಿಖೆಯ ಅಧಿಕಾರವಿತ್ತು. ಶವ ಸಿಕ್ಕ ಠಾಣೆಯೇ ಮುಂದಾಯಿತು, ಹೆಸರಾಂತ ಚಿತ್ರನಟರೊಬ್ಬರೂ ಸೇರಿ 17 ಮಂದಿಯ ಬಂಧನವಾಯಿತು. ಕೆಲವರು ತಾವಾಗಿ ಠಾಣೆಗೆ ಬಂದು ಹೊಣೆ ಹೊತ್ತುಕೊಂಡಾಗ ಆ ಹೇಳಿಕೆಯನ್ನು ಅಲ್ಲಿಗೇ ಒಪ್ಪಿ ಮುಗಿಸದೆ ಜಾಡನ್ನು ಚಿತ್ರದುರ್ಗದವರೆಗೂ ಹಿಂದಕ್ಕೆ ಹಿಡಿದುಹೋದದ್ದರಿಂದ ಪ್ರಕರಣ ಈ ರೂಪಕ್ಕೆ ಬಂತು. ತೀರ್ಪು ನ್ಯಾಯಾಲಯಕ್ಕೆ ಬಿಟ್ಟದ್ದು. ಸರಹದ್ದಿನ ಮಟ್ಟಿಗೆ ಮಾತ್ರ ಇದು ಗಮನಿಸಬೇಕಾದ ಉದಾಹರಣೆ: ಒಂದು ಠಾಣೆ ಹೊಣೆ ಹೊತ್ತಿತು, ಉಳಿದ ಊರುಗಳು ಅದಕ್ಕೆ ಕೈಜೋಡಿಸಿದವು.

ಎಲ್ಲ ಕಡೆಯೂ ಹಾಗಾಗುವುದಿಲ್ಲ. ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುವ ಹೆದ್ದಾರಿ 48ನ್ನು ಹಿಡಿದು ವಾಯವ್ಯಕ್ಕೆ ಹೋದರೆ ಧಾರವಾಡ, ಕೊಲ್ಹಾಪುರ, ಪುಣೆ ಸಿಗುತ್ತವೆ. ದಕ್ಷಿಣಕ್ಕೆ ಬಂದರೆ ಬೆಂಗಳೂರು. 2013ರ ಆಗಸ್ಟ್ 20ರಂದು ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ, ಅದೇ ವರ್ಷ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲೇ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ನಾಲ್ಕೂ ಒಂದೇ ಹೆದ್ದಾರಿಯ ಮೇಲಿನ ಊರುಗಳು, ತನಿಖೆ ಮಾತ್ರ ಬೇರೆ ಬೇರೆ ಕೈಗಳಲ್ಲಿ. ದಾಭೋಲ್ಕರ್ ಪ್ರಕರಣ ಪುಣೆ ಪೊಲೀಸರಿಂದ 2014ರಲ್ಲಿ ಸಿಬಿಐಗೆ ಹೋಯಿತು. ಪಾನ್ಸರೆ ಪ್ರಕರಣ ಮಹಾರಾಷ್ಟ್ರದ ಎಸ್‌ಐಟಿಯಲ್ಲಿ ವರ್ಷಗಟ್ಟಲೆ ಇದ್ದು 2022ರಲ್ಲಿ ಎಟಿಎಸ್‌ಗೆ ಹೋಯಿತು. ಕಲಬುರ್ಗಿಯವರದು ಧಾರವಾಡದಿಂದ ಸಿಐಡಿಗೆ ಹೋಗಿ ವರ್ಷಗಳ ಕಾಲ ಅಲ್ಲೇ ನಿಂತಿತು.

ಗಂಟು ಬಿಚ್ಚಿದ್ದು ಬೆಂಗಳೂರಿನಲ್ಲಿ. ಗೌರಿ ಹತ್ಯೆಯ ಎಸ್‌ಐಟಿ ತನ್ನ ಊರಿನ ಎಲ್ಲೆಗೆ ನಿಲ್ಲದೆ ಕರ್ನಾಟಕ, ಮಹಾರಾಷ್ಟ್ರಗಳ ತುಂಬ ಓಡಾಡಿತು. ಗೌರಿ ಮತ್ತು ಕಲಬುರ್ಗಿ ಇಬ್ಬರನ್ನೂ ಕೊಂದದ್ದು 7.65 ಮಿಲಿಮೀಟರಿನ ಒಂದೇ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ವರದಿ ಕೊಟ್ಟಿತು. ಈ ತಂಡ ಕೊಟ್ಟ ಸುಳಿವುಗಳ ಮೇಲೆ 2018ರಲ್ಲಿ ಮಹಾರಾಷ್ಟ್ರದಲ್ಲೂ ಬಂಧನಗಳಾದವು. ಕಲಬುರ್ಗಿಯವರ ಪತ್ನಿ ಉಮಾದೇವಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2019ರ ಫೆಬ್ರವರಿ 26ರಂದು ಕಲಬುರ್ಗಿ ಪ್ರಕರಣವನ್ನು ಅದೇ ಎಸ್‌ಐಟಿಗೆ ಒಪ್ಪಿಸಿ, ಹೈಕೋರ್ಟಿನ ಧಾರವಾಡ ಪೀಠಕ್ಕೆ ಮೇಲ್ವಿಚಾರಣೆ ವಹಿಸಿತು. ಆ ವರ್ಷದ ಆಗಸ್ಟಿನಲ್ಲೇ ಆರೋಪಪಟ್ಟಿ ಸಲ್ಲಿಕೆಯಾಯಿತು. ಸುಮಾರು ಮೂರೂವರೆ ವರ್ಷ ಆಗದೆ ಉಳಿದದ್ದು ಆರು ತಿಂಗಳೊಳಗೆ ಆಯಿತು. ಧಾರವಾಡದ ಪೊಲೀಸರಲ್ಲಿ ಯೋಗ್ಯತೆ ಕಡಿಮೆಯಿತ್ತೆಂದು ಇದರಿಂದ ಹೇಳಲಾಗದು. ಜಾಡು ಧಾರವಾಡದಲ್ಲಿ ಇರಲಿಲ್ಲ, ಅಷ್ಟೆ. ಇನ್ನೊಂದು ಕೊಲೆಯಾಗಿ, ಅದರ ತನಿಖೆ ಸಮರ್ಥರ ಕೈಗೆ ಬಂದು, ಆ ಕಡೆಯಿಂದ ಹೆಜ್ಜೆ ಹಿಂದಕ್ಕೆ ಬರುವವರೆಗೆ ಈ ಕುಟುಂಬ ಕಾಯಬೇಕಾಯಿತು. ಮತ್ತೊಂದು ಜೀವ ಹೋಗುವ ತನಕ ಸುಮ್ಮನಿರುವ ವ್ಯವಸ್ಥೆಯನ್ನು ಒಪ್ಪಲಾಗದು.

ಕಲಬುರ್ಗಿಯವರಂಥ ವಿದ್ವಾಂಸರ ಪ್ರಕರಣಕ್ಕೆ ಸುಪ್ರೀಂ ಕೋರ್ಟಿನ ಬಾಗಿಲಾದರೂ ಇತ್ತು. ಐಮಂಗಲದ ಹತ್ತಿರ ಹೆದ್ದಾರಿಯ ಮೋರಿಯಲ್ಲೋ ಮಾರಿಕಣಿವೆಯ ಹಿನ್ನೀರಿನಲ್ಲೋ ಗುರುತಿಲ್ಲದೆ ಸಿಗುವ ಕೂಲಿಯವನಿಗೆ, ಲಾರಿಯವನಿಗೆ, ಊರುಬಿಟ್ಟ ಹೆಣ್ಣುಮಗಳಿಗೆ ಆ ಬಾಗಿಲು ಬಹಳ ದೂರ. ಅವರ ಜಾಡು ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋದರೆ ಚಿತ್ರದುರ್ಗದ ಎಸ್‌ಪಿ ಒಂದು ಮಾತಿನಲ್ಲಿ ತೀರ್ಮಾನಿಸಬಹುದು. ದಾವಣಗೆರೆಗೆ ಹೋದರೆ ಪೂರ್ವ ವಲಯದ ಐಜಿಪಿ ಇದ್ದಾರೆ. ಆದರೆ ಹಿರಿಯೂರಿನಿಂದ ಹೆದ್ದಾರಿಯಲ್ಲಿ ಮುಂದಿನ ತಾಲ್ಲೂಕಾದ ಶಿರಾಕ್ಕೆ ಹೋದರೆ ಅದು ತುಮಕೂರು ಜಿಲ್ಲೆ, ಬೇರೆ ವಲಯ, ವಿಷಯ ಬೆಂಗಳೂರಿನ ಕೇಂದ್ರ ಕಚೇರಿಗೇ ಏರಬೇಕು. ಮಡಕಶಿರಾಕ್ಕೆ ಹೋದರೆ ಬೇರೆ ರಾಜ್ಯ.

ಜೀರೋ ಎಫ್‌ಐಆರ್ ದೂರು ಬರೆದುಕೊಳ್ಳುವುದನ್ನು ಖಾತ್ರಿ ಮಾಡಿದೆ, ಬರೆದುಕೊಂಡದ್ದನ್ನು ಸರಹದ್ದಿನ ಠಾಣೆಗೆ ಕಳಿಸುವ ಕ್ರಮವನ್ನೂ ಹೇಳಿದೆ. ಕಳಿಸಿದ ಠಾಣೆಯ ಹೊಣೆ ಅಲ್ಲಿಗೆ ಮುಗಿಯುತ್ತದೆ. ಹಳೆಯ ಕ್ರಮದಲ್ಲಿ ಮುಗಿಯುತ್ತಿರಲಿಲ್ಲ, ಹೆಜ್ಜೆ ಗಡಿ ದಾಟಿದ್ದನ್ನು ಆ ಊರು ತೋರಿಸಿಕೊಡಬೇಕಿತ್ತು. ಇಂದಿನ ಹೆಜ್ಜೆ ಮೊಬೈಲ್ ಟವರಿನ ದಾಖಲೆಯಲ್ಲಿದೆ, ಟೋಲ್ ಗೇಟಿನ ಕ್ಯಾಮೆರಾದಲ್ಲಿದೆ, ಕಾಣೆಯಾದವರ ದೂರಿನ ಪುಟದಲ್ಲಿದೆ. ಗುರುತಿಲ್ಲದ ಶವ ಸಿಕ್ಕಾಗ ಮಹಜರು, ಸ್ಥಳದ ಸಾಕ್ಷ್ಯ ಆ ಠಾಣೆಯದೇ ಇರಲಿ. ಸತ್ತವನ ಗುರುತು ಹತ್ತಿದ ದಿನವೇ, ಆತ ಕಡೆಯ ಬಾರಿ ಜೀವಂತವಾಗಿ ಕಾಣಿಸಿಕೊಂಡ ಊರಿನ ಠಾಣೆ ತನಿಖೆಯ ಮುಂದಾಳಾಗಬೇಕು, ಶವ ಸಿಕ್ಕ ಠಾಣೆ ಅದರ ಕೈಕೆಳಗೆ ಕೆಲಸ ಮಾಡಬೇಕು, ಜಾಡು ಮೂರನೆಯ ಊರಿಗೆ ಸರಿದರೆ ಮುಂದಾಳುತನವೂ ಲಿಖಿತ ಆದೇಶದೊಂದಿಗೆ ಅಲ್ಲಿಗೆ ಸರಿಯಬೇಕು. ಪ್ರತಿ ಸಾರಿ ಸರಿದಾಗಲೂ ಯಾವ ತಾರೀಖಿನವರೆಗೆ ಯಾವ ಅಧಿಕಾರಿ ಏನು ಮಾಡಿದರು ಎಂಬುದು ಕಡತದ ಮೊದಲ ಹಾಳೆಯಲ್ಲಿರಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ರಾಜ್ಯದೊಳಗಿನ ಪ್ರಕರಣಗಳಿಗೆ ಪೊಲೀಸ್ ಮಹಾನಿರ್ದೇಶಕರ ಒಂದು ಸುತ್ತೋಲೆ ಸಾಕು. ಮಡಕಶಿರಾ, ರಾಯದುರ್ಗದ ಕಡೆಗೆ ಎರಡು ರಾಜ್ಯಗಳ ಗಡಿ ಜಿಲ್ಲೆಗಳ ಎಸ್‌ಪಿಗಳು ಕೂತು ಮಾಡಿಕೊಳ್ಳುವ ಒಪ್ಪಂದ ಬೇಕು.